ಒಂದು ಟಿಬಿ ಇದ್ದರೂ ಮೆಮೊರಿ ಸಾಲಲಿಲ್ಲ: ಒಂದು ಲ್ಯಾಪ್‌ಟಾಪ್ ಖರೀದಿಯ ಪ್ರಕರಣ ಅಧ್ಯಯನ

ಈ ಪ್ರಕರಣದಲ್ಲಿ ಬರುವವರ ಗುರುತು ಹತ್ತದಂತೆ ಊರು, ಕಾಲೇಜು, ಅಂಗಡಿಗಳ ಹೆಸರನ್ನು ಬಿಟ್ಟಿದ್ದೇನೆ. ವಿದ್ಯಾರ್ಥಿನಿಯನ್ನು ಸುಮಾ ಎಂದು ಕರೆಯುತ್ತೇನೆ. ಅದು ಅವಳ ಹೆಸರಲ್ಲ. ಲ್ಯಾಪ್‌ಟಾಪಿನ ಕಂಪನಿಯನ್ನೂ ಹೇಳುವುದಿಲ್ಲ. ಇಂಥದೇ ಎಡವಟ್ಟು ಬೇರೆ ಬೇರೆ ಕಂಪನಿಗಳ ಯಂತ್ರಗಳಲ್ಲಿ ಆದದ್ದನ್ನು ನೋಡಿದ್ದೇನೆ. ಹಣಕಾಸಿನ ಮತ್ತು ಸಮಯದ ಅಂಕಿಗಳು ಮಾತ್ರ ಆಗ ನನ್ನ ಪುಸ್ತಕದಲ್ಲಿ ಬರೆದಿಟ್ಟುಕೊಂಡವು.

ಹಿನ್ನೆಲೆ

ನಾನು ಮಧ್ಯ ಕರ್ನಾಟಕದ ತಾಲ್ಲೂಕು ಕೇಂದ್ರವೊಂದರ ಪದವಿ ಕಾಲೇಜಿನಲ್ಲಿ ಬಿಸಿಎ ತರಗತಿಗಳಿಗೆ ಪ್ರೋಗ್ರಾಮಿಂಗ್ ಪಾಠ ಮಾಡುತ್ತೇನೆ. ಸುಮಾ 2022ರಲ್ಲಿ ಸೇರಿದಳು. ಅವರ ಮನೆಯಲ್ಲಿ ಕಂಪ್ಯೂಟರ್ ಮುಟ್ಟಿದವರಲ್ಲಿ ಅವಳೇ ಮೊದಲಿಗಳು. ತಂದೆ ದರ್ಜಿ. ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಹತ್ತಡಿ ಅಗಲದ ಅಂಗಡಿ, ಎರಡು ಹೊಲಿಗೆ ಯಂತ್ರ, ಗೌರಿ ಹಬ್ಬ ಹತ್ತಿರ ಬಂತೆಂದರೆ ರಾತ್ರಿ ಹನ್ನೊಂದರವರೆಗೆ ರವಿಕೆ ಹೊಲಿಗೆ. ಆ ವರ್ಷದ ಹಬ್ಬದ ದುಡಿಮೆಗೆ ಚೀಟಿ ಎತ್ತಿದ ಹಣವನ್ನೂ ಸೇರಿಸಿ ಮಗಳಿಗೆ ಲ್ಯಾಪ್‌ಟಾಪ್ ಕೊಡಿಸಿದರು.

ಅಂಗಡಿಯಲ್ಲಿ ನಡೆದದ್ದನ್ನು ಎರಡು ವರ್ಷಗಳ ನಂತರ ಅವರೇ ನನಗೆ ವಿವರವಾಗಿ ಹೇಳಿದರು. “ಓದುವ ಹುಡುಗಿಗೆ ಬೇಕು, ಮೆಮೊರಿ ಹೆಚ್ಚಿರುವುದು ಕೊಡಿ” ಎಂದು ಕೇಳಿದರಂತೆ. ಅಂಗಡಿಯವರು ಎರಡು ಲ್ಯಾಪ್‌ಟಾಪ್ ತೆಗೆದಿಟ್ಟರು. ಒಂದರಲ್ಲಿ 4 ಜಿಬಿ ರ‍್ಯಾಮ್, ಒಂದು ಟಿಬಿ ಹಾರ್ಡ್ ಡಿಸ್ಕ್. ಬೆಲೆ 33,500 ರೂಪಾಯಿ. ಇನ್ನೊಂದರಲ್ಲಿ 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ವೇಗದ ಡಿಸ್ಕ್; ಬೆಲೆ 37,000. “ಇದರಲ್ಲಿ ಮೆಮೊರಿ ಒಂದು ಟಿಬಿ ಇದೆ, ಅದರಲ್ಲಿ ಬರೀ 256” ಎಂದರು. ಹಣವೂ ಉಳಿಯುತ್ತದೆ, ಮೆಮೊರಿಯೂ ನಾಲ್ಕು ಪಟ್ಟು. ಯಾರಾದರೂ ಮೊದಲನೆಯದನ್ನೇ ಎತ್ತಿಕೊಳ್ಳುತ್ತಾರೆ.

ಅಂಗಡಿಯವರು ಮೋಸ ಮಾಡಿದರು ಎಂದು ನಾನು ಹೇಳುವುದಿಲ್ಲ. ಕೇಳಿದ ಪ್ರಶ್ನೆಗೆ ಅವರು ಸರಿಯಾಗಿಯೇ ಉತ್ತರ ಕೊಟ್ಟಿದ್ದಾರೆ. ಪ್ರಶ್ನೆಯೊಳಗಿನ ಮಾತೇ ಎರಡು ಅರ್ಥದ್ದು. ನಮ್ಮ ಕಡೆ ‘ಮೆಮೊರಿ’ ಎಂಬ ಮಾತು ಮನೆಮನೆಗೆ ಬಂದದ್ದು ಮೊಬೈಲ್ ಜೊತೆಗೆ. ಹಾಡು ತುಂಬಿಸಿಕೊಡುವ ಅಂಗಡಿಯ ಮೆಮೊರಿ ಕಾರ್ಡ್, ಮದುವೆಯ ವಿಡಿಯೊ ತೆಗೆಯುವಾಗ ‘ಮೆಮೊರಿ ಫುಲ್’ ಎಂದು ನಿಂತುಹೋಗುವ ಫೋನ್. ಹೀಗಾಗಿ ಮೆಮೊರಿ ಎಂದರೆ ಇಟ್ಟುಕೊಳ್ಳುವ ಜಾಗ ಎಂದೇ ಜನರ ಮನಸ್ಸಿನಲ್ಲಿ ಕೂತಿದೆ. ಪಾಠದ ಪುಸ್ತಕದಲ್ಲಿ ಅದೇ ಮಾತು ಕೆಲಸ ನಡೆಯುವ ಜಾಗಕ್ಕೆ, ಅಂದರೆ ರ‍್ಯಾಮ್‌ಗೆ ಸಲ್ಲುತ್ತದೆ. ಆ ಗೊಂದಲದ ಬೆಲೆ ಆ ದಿನ 3,500 ರೂಪಾಯಿಯ ಉಳಿತಾಯದಂತೆ ಕಂಡಿತು.

ಸಮಸ್ಯೆ ಒಂದು ವರ್ಷ ಅಡಗಿ ಕೂತಿದ್ದು

ಮೊದಲ ವರ್ಷ ಯಾವ ತೊಂದರೆಯೂ ಇರಲಿಲ್ಲ. ಈ ಪ್ರಕರಣದಲ್ಲಿ ಹೆಚ್ಚು ಗಮನಿಸಬೇಕಾದ ಸಂಗತಿ ಇದೇ ಎಂದು ನನಗೆ ಅನಿಸುತ್ತದೆ. ಮೊದಲ ವರ್ಷ ಕಲಿಸುವುದು ಸಿ ಭಾಷೆ. ನೂರಿನ್ನೂರು ಸಾಲಿನ ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡಿ ಓಡಿಸಲು ಕೆಲವು ಎಂಬಿಗಳು ಸಾಕು. ಯಂತ್ರಕ್ಕೆ ಮೈ ಬಿಸಿಯೂ ಆಗುವುದಿಲ್ಲ. ಆನ್ ಆಗಲು ಮೂರು ನಿಮಿಷ ಹಿಡಿಯುತ್ತಿತ್ತು, ನಿಜ. ಆದರೆ ಹೋಲಿಸಿ ನೋಡಲು ಅವಳ ಬಳಿ ಬೇರೆ ಯಂತ್ರವಿರಲಿಲ್ಲವಲ್ಲ, ಎಲ್ಲ ಲ್ಯಾಪ್‌ಟಾಪ್‌ಗಳೂ ಹೀಗೆಯೇ ಎಂದುಕೊಂಡಳು. ಅಷ್ಟರಲ್ಲಿ ಒಂದು ವರ್ಷದ ವಾರಂಟಿಯೂ ಮುಗಿಯಿತು.

ಎರಡನೇ ವರ್ಷ ಜಾವಾ ಬಂತು. ಪ್ರೋಗ್ರಾಮ್ ಬರೆಯಲು ಐಡಿಇ ಎಂಬ ದೊಡ್ಡ ತಂತ್ರಾಂಶ, ಪಕ್ಕದಲ್ಲಿ ಬ್ರೌಸರ್, ಬ್ರೌಸರಿನಲ್ಲಿ ಪಾಠದ ವಿಡಿಯೊ. ಮೂರನೇ ವರ್ಷ, 2024ರ ಆಗಸ್ಟ್‌ನಲ್ಲಿ, ಮೊಬೈಲ್ ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೊ ಎಂಬ ತಂತ್ರಾಂಶ ಶುರುವಾಯಿತು. ಆಗ ನನ್ನ ಕಣ್ಣಿಗೆ ಒಂದು ವಿಚಿತ್ರ ಬಿತ್ತು. ಲ್ಯಾಬ್‌ನಲ್ಲಿ ಸುಮಾ ಚೆನ್ನಾಗಿ ಕೆಲಸ ಮಾಡುತ್ತಿದ್ದಳು; ಮನೆಯಲ್ಲಿ ಮಾಡಿ ತರಬೇಕಾದದ್ದನ್ನು ತರುತ್ತಲೇ ಇರಲಿಲ್ಲ. ಮನೆಗೆಲಸ ಹೆಚ್ಚಿರಬೇಕು, ಇಲ್ಲವೇ ಉದಾಸೀನ ಎಂದು ನಾನು ನಿರ್ಧರಿಸಿಬಿಟ್ಟೆ. ಎರಡು ಸಲ ತರಗತಿಯಲ್ಲಿ ಗದರಿದ್ದೂ ಉಂಟು.

ಮೂರನೇ ಸಲ ಅವಳು ಲ್ಯಾಬ್ ಮುಗಿದ ಮೇಲೆ ನಿಂತುಕೊಂಡಳು. “ಸರ್, ನನಗೆ ಪ್ರೋಗ್ರಾಮಿಂಗ್ ಬರುವುದಿಲ್ಲ ಅನಿಸುತ್ತದೆ. ವಿಡಿಯೊದಲ್ಲಿ ಅವರು ರನ್ ಒತ್ತಿದ ಕೂಡಲೇ ಬರುತ್ತದೆ. ನಾನು ಒತ್ತಿದರೆ ಏನೂ ಬರುವುದಿಲ್ಲ. ಎಲ್ಲಿ ತಪ್ಪಿದೆ ಎಂದು ನೋಡಲು ಹೋದರೆ ಅದೂ ತೆರೆಯುವುದಿಲ್ಲ” ಎಂದಳು. ಯಂತ್ರದ ನಿಧಾನವನ್ನು ಹುಡುಗಿ ತನ್ನ ತಲೆಯ ನಿಧಾನ ಎಂದು ಲೆಕ್ಕ ಹಾಕಿಕೊಂಡಿದ್ದಳು. ಗದರಿದ್ದಕ್ಕೆ ನನಗೆ ನಾಚಿಕೆಯಾಯಿತು. ನಾಳೆ ಲ್ಯಾಪ್‌ಟಾಪ್ ತೆಗೆದುಕೊಂಡು ಬಾ ಎಂದೆ.

ನನ್ನ ಬಳಿ ಬರುವ ಮೊದಲು ಆಗಿದ್ದ ಚಿಕಿತ್ಸೆಗಳು

ಅವಳ ಸೋದರಮಾವನ ಮಗ ಯಂತ್ರದ ಮೇಲೆ ಆಗಲೇ ಕೈ ಓಡಿಸಿದ್ದ. ಮೊದಲು ಫೋಟೊ, ಹಾಡು, ಸಿನಿಮಾ ಎಲ್ಲವನ್ನೂ ಅಳಿಸಿ ‘ಮೆಮೊರಿ ಖಾಲಿ’ ಮಾಡಿದ. ಒಂದು ಟಿಬಿಯಲ್ಲಿ ಮುಕ್ಕಾಲು ಪಾಲು ಮೊದಲೇ ಖಾಲಿ ಇತ್ತು. ಆಮೇಲೆ ರ‍್ಯಾಮ್ ತೊಳೆದುಕೊಡುತ್ತೇನೆ ಎನ್ನುವ ಒಂದು ಪುಕ್ಕಟೆ ತಂತ್ರಾಂಶ ಹಾಕಿದ. ಇಂಥವು ಮಾಡುವುದಿಷ್ಟೇ: ರ‍್ಯಾಮ್‌ನಲ್ಲಿರುವುದನ್ನು ಬಲವಂತವಾಗಿ ಡಿಸ್ಕಿಗೆ ತಳ್ಳಿ, ‘ಇಷ್ಟು ಖಾಲಿಯಾಯಿತು’ ಎಂದು ಹಸಿರು ಬಣ್ಣದಲ್ಲಿ ತೋರಿಸುತ್ತವೆ. ಮರುಕ್ಷಣ ಅದೇ ಸಾಮಾನು ಬೇಕಾಗಿ ಡಿಸ್ಕಿನಿಂದ ಹೊತ್ತು ತರಬೇಕಾಗುತ್ತದೆ. ಕೊನೆಗೆ ರಿಪೇರಿ ಅಂಗಡಿಯೊಂದರಲ್ಲಿ 600 ರೂಪಾಯಿ ಕೊಟ್ಟು ಫಾರ್ಮ್ಯಾಟ್ ಮಾಡಿಸಿದರು. ಜೊತೆಗೆ ಒಂದು ಆ್ಯಂಟಿವೈರಸ್ ಹಾಕಿ ಕಳುಹಿಸಿದರು. ಎರಡು ದಿನ ಹಗುರಾದ ಹಾಗೆ ಕಂಡಿತು, ಮೂರನೇ ದಿನ ಮೊದಲಿಗಿಂತ ಭಾರವಾಯಿತು. ಆ್ಯಂಟಿವೈರಸ್ಸೂ ಕೂರಬೇಕಾದದ್ದು ಅದೇ ನಾಲ್ಕು ಜಿಬಿಯಲ್ಲಿ ತಾನೇ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಇದಕ್ಕೇ ಹುಟ್ಟಿರಬೇಕು.

ಅಳೆದು ನೋಡಿದ್ದು

ಮರುದಿನ ಸುಮಾ ತಂದೆಯೊಂದಿಗೆ ಬಂದಳು. ಲ್ಯಾಪ್‌ಟಾಪ್ ಅವರೇ ಹೊಲಿದ ಬಟ್ಟೆಯ ಚೀಲದಲ್ಲಿತ್ತು. ಪ್ಯಾಂಟ್ ಬಟ್ಟೆ ಹೊರಗೆ, ಹಳೆಯ ಕಂಬಳಿಯ ತುಂಡು ಒಳಗೆ. ನಾನು ಬೇರೇನೂ ಮಾಡದೆ ಮನೆಯಲ್ಲಿ ಹೇಗೆ ಕೂತು ಕೆಲಸ ಮಾಡುತ್ತಾಳೋ ಹಾಗೆಯೇ ಮಾಡು ಎಂದು ಹೇಳಿ ಪಕ್ಕದಲ್ಲಿ ಕೂತೆ. ಖಾಲಿ ಯಂತ್ರವನ್ನು ಅಳೆದರೆ ಪ್ರಯೋಜನವಿಲ್ಲ. ಊಟದ ಖರ್ಚು ತಿಳಿಯಬೇಕಾದರೆ ಎಲೆ ಹಾಕಿ ಜನ ಕೂತಿರಬೇಕು.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಎಂಬಲ್ಲಿ ಮೆಮೊರಿಯ ಪುಟ ನೋಡಿದೆವು. ಹೆಸರಿಗೆ 4 ಜಿಬಿ, ಕೈಗೆ ಸಿಗುವುದು 3.4 ಮಾತ್ರ. ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಇಂಥ ಯಂತ್ರಗಳಲ್ಲಿ ಪರದೆಗೆ ಚಿತ್ರ ಬಿಡಿಸುವ ಭಾಗ ತನ್ನ ಪಾಲನ್ನು ರ‍್ಯಾಮ್‌ನಿಂದಲೇ ಮೊದಲು ಎತ್ತಿಟ್ಟುಕೊಳ್ಳುತ್ತದೆ. ಏನೂ ತೆರೆಯದೆ ವಿಂಡೋಸ್ 11 ಒಂದೇ ಇದ್ದಾಗ 2.3 ಜಿಬಿ ಬಳಕೆಯಾಗಿತ್ತು. ಉಳಿದದ್ದು ಒಂದು ಜಿಬಿ ಚಿಲ್ಲರೆ. ಅದರಲ್ಲಿ ಬ್ರೌಸರ್ ತೆರೆದಳು, ಪಾಠದ ವಿಡಿಯೊ ಹಾಕಿದಳು, ಆಂಡ್ರಾಯ್ಡ್ ಸ್ಟುಡಿಯೊ ಒತ್ತಿದಳು. ಪ್ರಾಜೆಕ್ಟ್ ಕಣ್ಣಿಗೆ ಕಾಣಲು 14 ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಡಿಸ್ಕಿನ ಗೆರೆ ಶೇಕಡ 100ರಲ್ಲಿ ಸಪಾಟಾಗಿ ನಿಂತಿತ್ತು, ಹಾರ್ಡ್ ಡಿಸ್ಕ್ ಒಳಗಿನಿಂದ ಗೆದ್ದಲು ಕೊರೆದ ಹಾಗೆ ಸದ್ದು ಮಾಡುತ್ತಿತ್ತು.

ಇದರಲ್ಲಿ ಆಶ್ಚರ್ಯವೇನಿಲ್ಲ. ವಿಂಡೋಸ್ 11ಕ್ಕೆ ಕನಿಷ್ಠ 4 ಜಿಬಿ ರ‍್ಯಾಮ್ ಬೇಕು ಎಂದು ಮೈಕ್ರೊಸಾಫ್ಟ್ ಹೇಳುತ್ತದೆ. ಅದು ವಿಂಡೋಸ್ ಎದ್ದು ನಿಲ್ಲಲು ಬೇಕಾದದ್ದು, ಅದರ ಮೇಲೆ ಕೆಲಸ ಮಾಡಲು ಅಲ್ಲ. ಆಂಡ್ರಾಯ್ಡ್ ಸ್ಟುಡಿಯೊಗೆ ಕನಿಷ್ಠ 8 ಜಿಬಿ, ಪರದೆಯ ಮೇಲೇ ನಕಲಿ ಫೋನ್ ತೋರಿಸುವ ಎಮ್ಯುಲೇಟರ್ ಕೂಡ ಓಡಬೇಕಾದರೆ 16 ಎಂದು ಗೂಗಲ್ ಹೇಳುತ್ತದೆ. ಹೊಸ ಪ್ರಾಜೆಕ್ಟ್ ತೆರೆದ ಕೂಡಲೇ ಅದನ್ನು ಕಟ್ಟಿಕೊಡುವ ಗ್ರ್ಯಾಡಲ್ ಎಂಬ ಸಾಧನಕ್ಕೆ 2048 ಎಂಬಿವರೆಗೆ ತೆಗೆದುಕೊಳ್ಳಬಹುದು ಎಂಬ ಅಪ್ಪಣೆ ಪ್ರಾಜೆಕ್ಟಿನ ಸೆಟ್ಟಿಂಗ್ ಕಡತದಲ್ಲಿ ಮೊದಲೇ ಬರೆದಿರುತ್ತದೆ. ಸುಮಾಳ ಯಂತ್ರದಲ್ಲಿ ಉಳಿದಿದ್ದುದರ ಎರಡು ಪಟ್ಟು ಅದು.

ಮೆಮೊರಿ ಎಂದರೆ ಏನೆಂದು ತಂದೆಗೆ ಹೇಗೆ ಹೇಳಲಿ ಎಂದು ನಾನು ಮಾತು ಹುಡುಕುತ್ತಿದ್ದಾಗ ಅವರೇ ಹೇಳಿಬಿಟ್ಟರು. “ಗೊತ್ತಾಯಿತು ಸರ್. ಬಟ್ಟೆ ಇಡುವ ಬೀರು ದೊಡ್ಡದಿದೆ, ಕತ್ತರಿಸುವ ಮೇಜು ಚಿಕ್ಕದು. ಸೀರೆ ಹರಡಲು ಜಾಗವಿಲ್ಲದೆ ಒಂದು ಮಡಿಕೆ ಬಿಚ್ಚಿ ಕತ್ತರಿಸಿ, ಮತ್ತೆ ಮಡಚಿ ಬೀರುವಿಗಿಟ್ಟು, ಇನ್ನೊಂದನ್ನು ತರುತ್ತಿದೆ.” ಇಪ್ಪತ್ತು ವರ್ಷ ಪಾಠ ಮಾಡಿದ ನನಗೆ ಇಷ್ಟು ಚೆನ್ನಾಗಿ ಹೇಳಲು ಬರುತ್ತಿರಲಿಲ್ಲ. ಆಮೇಲೆ ತಮ್ಮ ಜೇಬಿನ ಫೋನ್ ತೆಗೆದು ಇದರಲ್ಲಿ ಎಷ್ಟಿದೆ ನೋಡಿ ಎಂದರು. ಹನ್ನೆರಡು ಸಾವಿರದ ಫೋನ್. 6 ಜಿಬಿ ರ‍್ಯಾಮ್ ಇತ್ತು. ಅವರು ಸ್ವಲ್ಪ ಹೊತ್ತು ಫೋನನ್ನೂ ಲ್ಯಾಪ್‌ಟಾಪನ್ನೂ ನೋಡಿ ಸುಮ್ಮನಾದರು.

ನಾನು ಎಡವಿದ್ದು

ಆಗ ಅವರ ಕೈಯಲ್ಲಿ ಮೂರು ಸಾವಿರ ರೂಪಾಯಿ ಇತ್ತು. ಒಂದೋ ರ‍್ಯಾಮ್, ಒಂದೋ ಎಸ್‌ಎಸ್‌ಡಿ. ನಾನು ಎಸ್‌ಎಸ್‌ಡಿ ಹಾಕಿಸಿ ಎಂದೆ.

ಯಾಕೆ ಹಾಗೆ ಹೇಳಿದೆ ಎಂದು ಈಗ ಯೋಚಿಸಿದರೆ ಕಾರಣ ಸ್ಪಷ್ಟವಿದೆ. ಡಿಸ್ಕಿನ ಗೆರೆ ಶೇಕಡ 100 ತೋರಿಸುತ್ತಿತ್ತು, ಸದ್ದು ಬರುತ್ತಿದ್ದುದು ಡಿಸ್ಕಿನಿಂದ. ಎಲ್ಲಿ ಗದ್ದಲವಿದೆಯೋ ಅಲ್ಲೇ ರೋಗವಿದೆ ಎಂದುಕೊಂಡೆ. ರ‍್ಯಾಮ್ ಸಾಲದೆ ಹೋದಾಗ ವಿಂಡೋಸ್ ಡಿಸ್ಕನ್ನೇ ರ‍್ಯಾಮ್‌ನಂತೆ ಬಳಸಿಕೊಳ್ಳುತ್ತದೆ, ಡಿಸ್ಕ್ ಆ ಹೊರೆಯನ್ನು ಹೊರುತ್ತಿತ್ತು ಎಂಬುದನ್ನು ತರಗತಿಯಲ್ಲಿ ಪ್ರತಿ ವರ್ಷ ಹೇಳುವ ನಾನೇ ಆ ಕ್ಷಣ ಮರೆತೆ. ಎದುರಿಗಿದ್ದ ಇನ್ನೊಂದು ಅಂಕಿಯನ್ನು ನೋಡಿದ್ದರೆ ಸಾಕಿತ್ತು. ಮೆಮೊರಿಯ ಅದೇ ಪುಟದಲ್ಲಿ ‘ಕಮಿಟೆಡ್’ ಎಂದು ಒಂದು ಸಾಲಿದೆ. ತೆರೆದಿರುವ ಎಲ್ಲ ತಂತ್ರಾಂಶಗಳಿಗೂ ಒಟ್ಟು ಎಷ್ಟು ಕೊಡುವುದಾಗಿ ವಿಂಡೋಸ್ ಒಪ್ಪಿಕೊಂಡಿದೆ ಎಂಬುದರ ಲೆಕ್ಕ ಅದು. ಅಲ್ಲಿ 8.3 ಜಿಬಿ ಎಂದಿತ್ತು. ಕೇಳಿದ್ದನ್ನೆಲ್ಲ ತಂತ್ರಾಂಶಗಳು ಒಮ್ಮೆಗೇ ಬಳಸುವುದಿಲ್ಲ ನಿಜ, ಆದರೂ 3.4ರ ಯಂತ್ರದಲ್ಲಿ 8.3ರ ಬೇಡಿಕೆ ಎಂದರೆ ಬೇರೆ ಸಾಕ್ಷಿ ಬೇಕೇ?

ಎಸ್‌ಎಸ್‌ಡಿ ಹಾಕಿದ ದಿನ ಎಲ್ಲರಿಗೂ ಖುಷಿ. ಮೂರು ನಿಮಿಷದ ಆನ್ ಆಗುವ ಸಮಯ 25 ಸೆಕೆಂಡಿಗೆ ಇಳಿಯಿತು. ಆಂಡ್ರಾಯ್ಡ್ ಸ್ಟುಡಿಯೊ 14 ನಿಮಿಷದ ಬದಲು ನಾಲ್ಕೂವರೆ ನಿಮಿಷಕ್ಕೆ ತೆರೆಯಿತು. ಆದರೆ ಒಂದು ಸಾಲು ತಿದ್ದಿ ಮತ್ತೆ ರನ್ ಒತ್ತಿದರೆ ಮೂರು ನಿಮಿಷ. ಬ್ರೌಸರ್ ತೆರೆದಿದ್ದರೆ ಮೌಸಿನ ಬಾಣವೂ ನಿಂತಲ್ಲೇ ನಿಲ್ಲುತ್ತಿತ್ತು. ತಂದೆಯ ಮಾತಿನಲ್ಲೇ ಹೇಳುವುದಾದರೆ ಬೀರುವನ್ನು ಮೇಜಿನ ಹತ್ತಿರ ತಂದಿಟ್ಟಿದ್ದೆವು, ಮೇಜು ಹಾಗೆಯೇ ಇತ್ತು. ಈ ಅಂತರವನ್ನು ಅಂದಾಜಿಗೆ ಹೀಗೆ ನೋಡಬಹುದು. ಮೇಜಿನ ಮೇಲಿನ ಕತ್ತರಿಯನ್ನು ಕೈಗೆತ್ತಿಕೊಳ್ಳಲು ಒಂದು ಸೆಕೆಂಡ್ ಎಂದಿಟ್ಟುಕೊಂಡರೆ, ಎಸ್‌ಎಸ್‌ಡಿಯಿಂದ ತರುವುದು ಕಾಲು ಗಂಟೆ ಕಾದಂತೆ; ತಿರುಗುವ ಹಾರ್ಡ್ ಡಿಸ್ಕಿನಿಂದ ತರುವುದು ಒಂದು ಹಗಲು ಒಂದು ರಾತ್ರಿ ಕಾದಂತೆ. ಒಂದು ದಿನದಿಂದ ಕಾಲು ಗಂಟೆಗೆ ಬಂದದ್ದು ದೊಡ್ಡ ಸುಧಾರಣೆಯೇ. ಪ್ರತಿ ಹೊಲಿಗೆಗೂ ಕಾಲು ಗಂಟೆ ಕಾಯುವ ದರ್ಜಿಗೆ ಮಾತ್ರ ಗಿರಾಕಿಗಳು ಉಳಿಯುವುದಿಲ್ಲ.

ನಡುವೆ ಒಂದು ವಾರ ವಿಂಡೋಸ್ ಬದಲಿಗೆ ಪೆನ್‌ಡ್ರೈವ್‌ನಿಂದ ಲಿನಕ್ಸ್ ಓಡಿಸಿ ನೋಡಿದೆವು. ಎಕ್ಸ್‌ಎಫ್‌ಸಿಇಯಂಥ ಹಗುರ ಮುಖವಿರುವ ಲಿನಕ್ಸ್ ಮಿಂಟ್ ಒಂದು ಜಿಬಿಗಿಂತ ಕಡಿಮೆಯಲ್ಲೇ ನಿಂತಿತು. ಜಾವಾ, ಪೈಥಾನ್, ವೆಬ್ ಪುಟಗಳ ಪಾಠವಾಗಿದ್ದರೆ ಅಲ್ಲಿಗೇ ಪ್ರಕರಣ ಮುಗಿಯುತ್ತಿತ್ತು, ಒಂದು ರೂಪಾಯಿ ಖರ್ಚಿಲ್ಲದೆ. ಆಂಡ್ರಾಯ್ಡ್ ಸ್ಟುಡಿಯೊ ಅಲ್ಲಿಯೂ ಏದುಸಿರು ಬಿಟ್ಟಿತು. ಬ್ರೌಸರಿನಲ್ಲೇ ಪ್ರೋಗ್ರಾಮ್ ಬರೆಯುವ ಗಿಟ್‌ಹಬ್ ಕೋಡ್‌ಸ್ಪೇಸಸ್ ತಿಂಗಳಿಗೆ 60 ಗಂಟೆ ಉಚಿತವಾಗಿ ಸಿಗುತ್ತದೆ. ಭಾರವೆಲ್ಲ ದೂರದ ಯಂತ್ರದ ಮೇಲೆ. ಆದರೆ ಅವರ ಮನೆಗೆ ಇದ್ದ ಇಂಟರ್ನೆಟ್ ಎಂದರೆ ತಂದೆಯ ಫೋನಿನ ದಿನಕ್ಕೆ ಒಂದೂವರೆ ಜಿಬಿ. ಅಂಗಡಿಯ ಗಿರಾಕಿಗಳ ಕರೆ ಬರುವ ಫೋನನ್ನು ಮಗಳ ಪಕ್ಕ ಇಟ್ಟು ಹೋಗುವುದು ಆಗದ ಮಾತು.

46,000 ರೂಪಾಯಿಯ ಸೋಮವಾರ

ನನ್ನ ಸಲಹೆ ಅರ್ಧಂಬರ್ಧ ಆದದ್ದರಿಂದ ತಂದೆ ತಾವೇ ದಾರಿ ಹುಡುಕಿದರು. ರಿಪೇರಿ ಅಂಗಡಿಯಲ್ಲಿ ರ‍್ಯಾಮ್ ಹೆಚ್ಚಿಸಲು ಕೇಳಿದಾಗ “ಇದರಲ್ಲಿ ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿದೆ, ಬದಲಿಸಲು ಬರುವುದಿಲ್ಲ, ಹೊಸದು ತೆಗೆದುಕೊಳ್ಳಿ” ಎಂಬ ಉತ್ತರ ಸಿಕ್ಕಿತು. ಕಂತಿನ ಮೇಲೆ 46,000 ರೂಪಾಯಿಯ ಹೊಸ ಲ್ಯಾಪ್‌ಟಾಪಿನ ಮಾತೂ ಆಯಿತು. ಸೋಮವಾರ ಮುಂಗಡ ಕಟ್ಟಬೇಕು. ಶನಿವಾರ ಸಂಜೆ ನನ್ನ ಬಳಿ ಬಂದು, “ಒಂದು ಮಾತು ನಿಮ್ಮನ್ನು ಕೇಳಿಬಿಡೋಣ ಎಂದು ಬಂದೆ ಸರ್” ಎಂದರು.

ಹೊಸ ಯಂತ್ರದ ಚೀಟಿ ನೋಡಿದೆ. ತೆಳ್ಳಗಿನ ಚೆಂದದ ಲ್ಯಾಪ್‌ಟಾಪ್, 8 ಜಿಬಿ ಎಲ್‌ಪಿಡಿಡಿಆರ್ ರ‍್ಯಾಮ್, ಪೂರ್ತಿ ಬೋರ್ಡಿಗೆ ಬೆಸುಗೆ, ಬೇರೆ ರ‍್ಯಾಮ್ ಕೂರಿಸುವ ಸ್ಲಾಟ್ ಒಂದೂ ಇಲ್ಲ. ಅಂದರೆ 46,000 ಕೊಟ್ಟು, ಸುಮಾಳ ಇಂದಿನ ಬೇಡಿಕೆಗೆ ಸರಿಸಮ ಬರುವ, ನಾಳೆ ಹೆಚ್ಚಿಸಲಾಗದ ಯಂತ್ರವನ್ನು ತರುವುದು. ಎರಡು ವರ್ಷದ ಹಿಂದಿನ ತಪ್ಪನ್ನೇ ಹೆಚ್ಚಿನ ಬೆಲೆಗೆ ಮತ್ತೊಮ್ಮೆ ಕೊಳ್ಳುವುದು.

ಹಳೆಯ ಯಂತ್ರದ ಟಾಸ್ಕ್ ಮ್ಯಾನೇಜರನ್ನು ಮತ್ತೆ ತೆರೆದೆ. ಈ ಸಲ ಕೆಳಗಿನ ಸಣ್ಣ ಸಾಲುಗಳನ್ನು ಓದಿದೆ. ‘ಫಾರ್ಮ್ ಫ್ಯಾಕ್ಟರ್’ ಎಂಬಲ್ಲಿ ‘ರೋ ಆಫ್ ಚಿಪ್ಸ್’ ಎಂದಿತ್ತು. ಬಿಡಿಸಿ ತೆಗೆಯಬಹುದಾದ ಕಡ್ಡಿಯಾಗಿದ್ದರೆ ‘ಸೋಡಿಮ್’ ಎಂದಿರುತ್ತಿತ್ತು. ರಿಪೇರಿಯವರು ಹೇಳಿದ್ದು ನಿಜ, ಬೆಸುಗೆಯದೇ. ಆದರೆ ಅದರ ಮೇಲಿನ ಸಾಲಿನಲ್ಲಿ ‘ಬಳಕೆಯಲ್ಲಿರುವ ಸ್ಲಾಟ್: 2ರಲ್ಲಿ 1’ ಎಂದಿತ್ತು. ಒಂದು ಬೆಸುಗೆಯದಾದರೆ ಎರಡನೆಯದು ಯಾವುದು? ಈ ಸಾಲನ್ನು ಕಣ್ಣುಮುಚ್ಚಿ ನಂಬಲಾಗದು, ಕೆಲವು ಯಂತ್ರಗಳಲ್ಲಿ ಇಲ್ಲದ ಸ್ಲಾಟನ್ನೂ ಅದು ಎಣಿಸುತ್ತದೆ. ತೆರೆದೇ ನೋಡಬೇಕು. ಎಸ್‌ಎಸ್‌ಡಿ ಹಾಕಿದವರು ರಿಪೇರಿ ಅಂಗಡಿಯವರೇ ಆಗಿದ್ದರಿಂದ ಒಳಭಾಗವನ್ನು ನಾವು ಯಾರೂ ನೋಡಿರಲಿಲ್ಲ. ವಾರಂಟಿ ಮುಗಿದಿತ್ತು, ಕಳೆದುಕೊಳ್ಳುವುದೇನಿರಲಿಲ್ಲ. ಮುಂಗಡವನ್ನು ಬುಧವಾರಕ್ಕೆ ಮುಂದೂಡಿ ಎಂದೆ. ಈ ಪ್ರಕರಣದಲ್ಲಿ ನಾನು ಕೊಟ್ಟ ಒಳ್ಳೆಯ ಸಲಹೆ ಬಹುಶಃ ಅದೊಂದೇ.

ಮುಚ್ಚಳ ತೆಗೆದದ್ದು

ಭಾನುವಾರ ಅವರ ಅಂಗಡಿಯಲ್ಲೇ, ಕತ್ತರಿಸುವ ಮೇಜಿನ ಮೇಲೆ ತೆರೆದೆವು. ನನ್ನ ಕೈಗಿಂತ ಅವರ ಕೈ ನೆಟ್ಟಗಿತ್ತು, ಹಾಗಾಗಿ ಸ್ಕ್ರೂ ಡ್ರೈವರ್ ಅವರಿಗೇ ಬಿಟ್ಟೆ. ಹಿಂಬದಿಯಲ್ಲಿ ಹತ್ತು ಸ್ಕ್ರೂ ಕಂಡವು; ಹನ್ನೊಂದನೆಯದು ರಬ್ಬರ್ ಕಾಲಿನ ಕೆಳಗೆ ಅಡಗಿತ್ತು. ಉದ್ದದವು ಬೇರೆ, ಗಿಡ್ಡವು ಬೇರೆ. ಅವರು ಗುಂಡಿಗಳ ಡಬ್ಬಿ ಎಳೆದು, ಮನೆ ಮನೆ ಇರುವ ಆ ಡಬ್ಬಿಯಲ್ಲಿ ಯಾವ ಮೂಲೆಯ ಸ್ಕ್ರೂ ಯಾವ ಮನೆಯಲ್ಲಿ ಎಂದು ಜೋಡಿಸುತ್ತಾ ಹೋದರು. ಅವಧಿ ಮುಗಿದ ಎಟಿಎಂ ಕಾರ್ಡಿನಿಂದ ಅಂಚು ಬಿಡಿಸಿದಾಗ ಟಕ್ ಟಕ್ ಎಂದು ಮುಚ್ಚಳ ಎದ್ದಿತು.

ಫ್ಯಾನಿನ ಪಕ್ಕದಲ್ಲಿ ಖಾಲಿ ಸ್ಲಾಟ್ ಇತ್ತು. ಎರಡು ವರ್ಷದ ಧೂಳು ಕೂತು, ಒಂದು ದಿನವೂ ಬಳಕೆಯಾಗದೆ. 4 ಜಿಬಿ ಬೋರ್ಡಿಗೆ ಬೆಸುಗೆ, ಪಕ್ಕದಲ್ಲಿ ಡಿಡಿಆರ್4 ಎಂಬ ಬಗೆಯ ರ‍್ಯಾಮ್ ಕಡ್ಡಿಗೆ ಒಂದು ಸ್ಲಾಟ್. ‘ಬದಲಿಸಲು ಬರುವುದಿಲ್ಲ’ ಎಂಬುದು ನಿಜ. ‘ಸೇರಿಸಲು ಬರುತ್ತದೆಯೇ’ ಎಂದು ಯಾರೂ ಕೇಳಿರಲಿಲ್ಲ.

8 ಜಿಬಿಯ ಡಿಡಿಆರ್4 ಲ್ಯಾಪ್‌ಟಾಪ್ ರ‍್ಯಾಮ್ ತರಿಸಿದೆವು, 1,900 ರೂಪಾಯಿ. ಡೆಸ್ಕ್‌ಟಾಪಿನದು ಉದ್ದ, ಹಿಡಿಯುವುದಿಲ್ಲ. ಡಿಡಿಆರ್3, ಡಿಡಿಆರ್5 ಕಡ್ಡಿಗಳ ಕಚ್ಚು ಬೇರೆ ಜಾಗದಲ್ಲಿರುವುದರಿಂದ ಅವೂ ಕೂರುವುದಿಲ್ಲ. ವೇಗ ಮಾತ್ರ ಹೆಚ್ಚಿನದಾದರೂ ಚಿಂತೆಯಿಲ್ಲ. 3200 ಎಂದು ಬರೆದ ಕಡ್ಡಿ ಈ ಯಂತ್ರದಲ್ಲಿ 2400ಕ್ಕೆ ಇಳಿದು ಓಡುತ್ತದೆ. ಮೊದಲು ಬ್ಯಾಟರಿಯ ತಂತಿ ಬಿಡಿಸಿ, ಕಡ್ಡಿಯನ್ನು ಓರೆಯಾಗಿ ಒಳಗೆ ತಳ್ಳಿ, ಮೆಲ್ಲನೆ ಕೆಳಕ್ಕೆ ಒತ್ತಿದಾಗ ಎರಡೂ ಬದಿಯ ಕೊಂಡಿಗಳು ಕಚ್ಚಿಕೊಂಡವು. ಆನ್ ಮಾಡಿದಾಗ ಪರದೆ ಒಂದು ನಿಮಿಷ ಕಪ್ಪಾಗಿಯೇ ಇತ್ತು. ಹೊಸ ರ‍್ಯಾಮ್ ಹಾಕಿದ ಮೇಲೆ ಮೊದಲ ಸಲ ಯಂತ್ರ ಅದನ್ನು ಪರೀಕ್ಷಿಸಿಕೊಳ್ಳಲು ಹೀಗೆ ಹೊತ್ತು ತೆಗೆದುಕೊಳ್ಳುವುದುಂಟು. ನನಗೆ ಗೊತ್ತಿತ್ತು, ಅವರಿಗೆ ಮೊದಲೇ ಹೇಳಿರಲಿಲ್ಲ. ಆ ಒಂದು ನಿಮಿಷ ಅಂಗಡಿಯಲ್ಲಿ ಯಾರೂ ಉಸಿರಾಡಲಿಲ್ಲ.

ಆದದ್ದು

ಒಟ್ಟು 12 ಜಿಬಿ, ಬಳಕೆಗೆ 11.4. ಅದೇ ಬ್ರೌಸರ್, ಅದೇ ವಿಡಿಯೊ, ಅದೇ ಪ್ರಾಜೆಕ್ಟ್. ಆಂಡ್ರಾಯ್ಡ್ ಸ್ಟುಡಿಯೊ ಒಂದೂವರೆ ನಿಮಿಷದಲ್ಲಿ ತೆರೆಯಿತು. ಒಂದು ಸಾಲು ತಿದ್ದಿ ರನ್ ಒತ್ತಿದರೆ 25 ಸೆಕೆಂಡ್. ಡಿಸ್ಕಿನ ಗೆರೆ ನೆಲಕ್ಕಿಳಿದಿತ್ತು. ಎಮ್ಯುಲೇಟರ್ ಮಾತ್ರ ಆಗಲೂ ಕುಂಟುತ್ತಿತ್ತು. ಯಂತ್ರದ ಪ್ರೊಸೆಸರಿಗೆ ಇರುವುದು ಎರಡೇ ಕೋರ್, ಅದಕ್ಕೆ ರ‍್ಯಾಮ್ ಮದ್ದಲ್ಲ. ಎಮ್ಯುಲೇಟರನ್ನೇ ಬಿಟ್ಟೆವು. ತಂದೆಯ ಫೋನಿನ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿ ಡೆವಲಪರ್ ಆಯ್ಕೆಗಳನ್ನು ತೆರೆದು, ಯುಎಸ್‌ಬಿ ತಂತಿಯಲ್ಲಿ ಜೋಡಿಸಿದ ಮೇಲೆ ಅವಳ ಆ್ಯಪ್ ನೇರವಾಗಿ ಆ ಫೋನಿನಲ್ಲೇ ಓಡಿತು. ಮೊದಲ ಬಾರಿ ಓಡಿದ್ದು ಗಿರಾಕಿಗಳ ಅಳತೆ ಬರೆದಿಡುವ ಒಂದು ಸಣ್ಣ ಆ್ಯಪ್. ತಂದೆ ನೋಡಿ, “ತೋಳಿನ ಸುತ್ತಳತೆ ಬಿಟ್ಟುಹೋಗಿದೆ” ಎಂದರು.

ಎಸ್‌ಎಸ್‌ಡಿಯ 2,900, ರ‍್ಯಾಮ್‌ನ 1,900, ವ್ಯರ್ಥವಾದ 600 ಸೇರಿ 5,400 ರೂಪಾಯಿ. ಮೊದಲ ದಿನವೇ 3,500 ಹೆಚ್ಚು ಕೊಟ್ಟಿದ್ದರೆ ಇಷ್ಟೂ ಬೇಕಿರಲಿಲ್ಲ. ಆದರೆ ಈ ಲೆಕ್ಕದಲ್ಲಿ ಎರಡನೇ ವರ್ಷದ ಜಾವಾ ಅಂಕಗಳೂ, ‘ನನಗೆ ಬರುವುದಿಲ್ಲ’ ಎಂದುಕೊಂಡು ಕಳೆದ ತಿಂಗಳುಗಳೂ ಸೇರಿಲ್ಲ.

ಈಗ ನಾನು ಏನು ಹೇಳುತ್ತೇನೆ

ಇದಾದ ಮೇಲೆ ಪ್ರತಿ ವರ್ಷ ಮೊದಲ ವಾರದಲ್ಲೇ ಪೋಷಕರಿಗೆ ಒಂದು ಮಾತು ಹೇಳುತ್ತೇನೆ: ಅಂಗಡಿಯಲ್ಲಿ ‘ಮೆಮೊರಿ’ ಎಂಬ ಪದವನ್ನು ಬಾಯಿಗೆ ತರಬೇಡಿ. ರ‍್ಯಾಮ್ ಎಷ್ಟು ಎಂದು ಕೇಳಿ, ಡಿಸ್ಕ್ ಎಷ್ಟು ಎಂದು ಬೇರೆಯಾಗಿ ಕೇಳಿ. ಅದಕ್ಕಿಂತ ಮುಖ್ಯವಾದದ್ದು ಖಾಲಿ ಸ್ಲಾಟ್ ಇದೆಯೇ ಎಂಬುದು. ಮೂರು ವರ್ಷದ ಓದಿಗೆ ಕೊಳ್ಳುವ ಯಂತ್ರವನ್ನು ಮೊದಲ ವರ್ಷದ ಪಾಠದಿಂದ ಅಳೆಯಬಾರದು, ಕೊನೆಯ ವರ್ಷದ ಪಠ್ಯಕ್ರಮ ತೆಗೆದು ನೋಡಬೇಕು. ಅಲ್ಲಿ ಮೊಬೈಲ್ ಆ್ಯಪ್, ಡಾಕರ್, ವರ್ಚುವಲ್ ಯಂತ್ರಗಳಂಥ ಭಾರದ ಸಾಧನಗಳಿದ್ದರೆ 16 ಜಿಬಿಗೆ ದಾರಿಯಿರಬೇಕು. 8 ಜಿಬಿ ಬೆಸುಗೆಯ ತೆಳು ಯಂತ್ರಕ್ಕಿಂತ 8 ಜಿಬಿಯ ಜೊತೆ ಖಾಲಿ ಸ್ಲಾಟ್ ಇರುವ ದಪ್ಪ ಯಂತ್ರವೇ ವಿದ್ಯಾರ್ಥಿಗೆ ಮೇಲು. ಸ್ಲಾಟ್ ಇಲ್ಲದ್ದನ್ನೇ ಕೊಳ್ಳಬೇಕಾದರೆ ಮೊದಲೇ 16. ಹೆಚ್ಚಿಸಲು ಬಾರದ ಯಂತ್ರಗಳನ್ನೇ ಮಾರುವ ಆ್ಯಪಲ್ ಕೂಡ 2024ರ ಅಕ್ಟೋಬರ್‌ನಲ್ಲಿ ಮ್ಯಾಕ್‌ಬುಕ್ ಏರ್‌ನ ಆರಂಭವನ್ನು 8ರಿಂದ 16 ಜಿಬಿಗೆ ಏರಿಸಿತು. ಯಂತ್ರ ಕಲಿಕೆ (ಮಷೀನ್ ಲರ್ನಿಂಗ್) ಓದುವವರು ಅದಕ್ಕಾಗಿ ದುಬಾರಿ ಲ್ಯಾಪ್‌ಟಾಪಿನ ಹಿಂದೆ ಬೀಳುವ ಅಗತ್ಯವಿಲ್ಲ. ಆರಂಭದ ಅಭ್ಯಾಸಕ್ಕೆ ಬ್ರೌಸರಿನಲ್ಲೇ ಓಡುವ ಗೂಗಲ್ ಕೊಲ್ಯಾಬ್ ಸಾಕು.

ಹಣ ಕಡಿಮೆಯಿದ್ದವರಿಗೆ ಕಂಪನಿಗಳು ಬಳಸಿ ಬಿಟ್ಟ ಹಳೆಯ ಲ್ಯಾಪ್‌ಟಾಪ್ ಕೊಳ್ಳಲು ಹೇಳುತ್ತೇನೆ. ಥಿಂಕ್‌ಪ್ಯಾಡ್ ಟಿ480ಯಂಥವುಗಳಲ್ಲಿ ಎರಡು ರ‍್ಯಾಮ್ ಸ್ಲಾಟ್ ಇರುತ್ತವೆ. ಒಂದೇ ಎಚ್ಚರಿಕೆ: ಇಂಟೆಲ್ ಎಂಟನೇ ತಲೆಮಾರಿಗಿಂತ ಹಿಂದಿನದಾದರೆ ವಿಂಡೋಸ್ 11 ಅಧಿಕೃತವಾಗಿ ಒಗ್ಗುವುದಿಲ್ಲ, ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಟಿ480ಯಲ್ಲೇ ಏಳನೇ ತಲೆಮಾರಿನವೂ ಇವೆ. ಚೀಟಿ ಓದಿ ಕೊಳ್ಳಬೇಕು.

‘ಆಮೇಲೆ ಹಾಕಿಸಿದರಾಯಿತು’ ಎಂಬ ನನ್ನ ಸಲಹೆಗೂ ಈಚೆಗೆ ಪೆಟ್ಟು ಬಿದ್ದಿದೆ. ಎಐ ದತ್ತಾಂಶ ಕೇಂದ್ರಗಳು ಚಿಪ್‌ಗಳನ್ನು ಹೀರಿಕೊಳ್ಳುತ್ತಿರುವುದರಿಂದ 2025ರ ಕೊನೆಯ ತಿಂಗಳುಗಳಲ್ಲಿ ರ‍್ಯಾಮ್ ಬೆಲೆ ಜಗತ್ತಿನಾದ್ಯಂತ ಜಿಗಿಯಿತು. ಮೈಕ್ರಾನ್ ಕಂಪನಿ ಆ ಡಿಸೆಂಬರ್‌ನಲ್ಲಿ ಸಾಮಾನ್ಯ ಗ್ರಾಹಕರಿಗೆ ಮಾರುತ್ತಿದ್ದ ಕ್ರೂಷಿಯಲ್ ರ‍್ಯಾಮ್ ವ್ಯವಹಾರದಿಂದಲೇ ಹೊರಬರುವುದಾಗಿ ಹೇಳಿತು. 1,900 ರೂಪಾಯಿಯ ಆ ಕಡ್ಡಿ ಇಂದು ಆ ಬೆಲೆಗೆ ಸಿಗುವುದಿಲ್ಲ.

2025ರ ಜೂನ್‌ನಲ್ಲಿ ಪಕ್ಕದ ಮನೆಯವರು ತಮ್ಮ ಹುಡುಗನಿಗೆ ಲ್ಯಾಪ್‌ಟಾಪ್ ಕೊಡಿಸಲು ಸುಮಾಳನ್ನು ಕರೆದುಕೊಂಡು ಹೋಗಿದ್ದರು, ಮೂರು ವರ್ಷದ ಹಿಂದಿನ ಅದೇ ಅಂಗಡಿಗೆ. “ಇದರಲ್ಲಿ ಮೆಮೊರಿ 512 ಇದೆ” ಎಂದು ಅಂಗಡಿಯವರು ಶುರು ಮಾಡುವಷ್ಟರಲ್ಲಿ ಅವಳು ಮೂರು ಗುಂಡಿ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದಿದ್ದಳಂತೆ. ‘ಸೋಡಿಮ್, 2ರಲ್ಲಿ 1’ ಎಂದು ಕಂಡ ಮೇಲೂ ಮಾದರಿ ಸಂಖ್ಯೆಯನ್ನು ಕಂಪನಿಯ ಕೈಪಿಡಿಯಲ್ಲಿ ಹುಡುಕಿ, ಸ್ಲಾಟ್ ಇರುವುದು ಖಚಿತವಾದ ಮೇಲೆಯೇ ಹಣ ಕೊಡಿಸಿದಳು. 8 ಜಿಬಿಯ ಯಂತ್ರ. ರ‍್ಯಾಮ್ ಬೆಲೆ ಇಳಿಯಲಿ ಎಂದು ಅವರು ಕಾಯುತ್ತಿದ್ದಾರೆ. ಸ್ಲಾಟ್ ಇನ್ನೂ ಖಾಲಿ ಇದೆ; ಹುಡುಗ ಸದ್ಯಕ್ಕೆ ಸಿ ಕಲಿಯುತ್ತಿದ್ದಾನೆ.